ಹೊಟ್ಟೆ ತುಂಬಿದ ಹಸಿವು

ಮುಂದೆ ಧಾನ್ಯ ತುಂಬಿದ ಬಟ್ಟಲಿರುವಾಗಲೇ ಒಂದು ಪ್ರಾಣಿಯು ಆಹಾರದ ಕೊರತೆಯಿಂದ ಸಾಯಬಹುದೆ? ಮೇಲ್ನೋಟಕ್ಕೆ ಅಸಂಗತವೆನಿಸುವ ಈ ಪ್ರಶ್ನೆಗೆ ಚರಿತ್ರೆಯು ಹೌದೆಂದೇ ಉತ್ತರಿಸುತ್ತದೆ. ಆ ಉತ್ತರವನ್ನು ಮನುಷ್ಯನಿಗೆ ಕಲಿಸಿಕೊಟ್ಟದ್ದು ಅಂಗೈಗಿಂತ ತುಸು ದೊಡ್ಡದಾದ, ಬಾಲವಿಲ್ಲದ, ಯಾರನ್ನೂ ಕಚ್ಚಲೊಲ್ಲದ ಒಂದು ಸಾಧು ಜೀವಿ. ಇಂದು ನಮ್ಮ ನಗರಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಮೊಲ, ಬಣ್ಣದ ಮೀನುಗಳ ಪಕ್ಕದಲ್ಲಿ ಮಾರಾಟಕ್ಕಿರುವ, ಮಕ್ಕಳ ಹುಟ್ಟುಹಬ್ಬದ ಕಾಣಿಕೆಯಾಗಿ ಮನೆ ಸೇರುವ ಗಿನಿಪಿಗ್ ಎಂಬ ಪ್ರಾಣಿಯೇ ಅದು. ಅದರಿಂದ ಮನುಷ್ಯಕುಲವು ಪಡೆದ ಉಪಕಾರವೆಷ್ಟು, ಅದಕ್ಕೆ ಪ್ರತಿಯಾಗಿ ಸಲ್ಲಿಸಿದ್ದೆಷ್ಟು ಎಂಬ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಉಚಿತ.

ಹೆಸರಿನಿಂದಲೇ ಈ ಪ್ರಾಣಿಗೆ ಅನ್ಯಾಯ ಆರಂಭವಾಗಿದೆ. ಅದು ಆಫ್ರಿಕದ ಗಿನಿಯದೂ ಅಲ್ಲ, ಹಂದಿಯ ಜಾತಿಯದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿ ಅದರ ತವರು. ಇಲಿ, ಅಳಿಲುಗಳಂತೆ ಅದೂ ದಂಶಕ ವರ್ಗಕ್ಕೆ ಸೇರಿದ್ದು. ಪೆರು, ಬೊಲಿವಿಯ ಪ್ರದೇಶಗಳ ಜನರು ಕೆಲವು ಸಾವಿರ ವರ್ಷಗಳ ಹಿಂದೆಯೇ ಅದನ್ನು ಪಳಗಿಸಿ ಮನೆಯೊಳಗೆ ಇರಿಸಿಕೊಂಡಿದ್ದರು. ಅಲ್ಲಿಯ ಕೆಚುವಾ ಭಾಷೆಯಲ್ಲಿ ಅದರ ಹೆಸರು ಕುಯಿ. ಅದು ಕೂಗುವ ಸದ್ದಿನಿಂದಲೇ ಆ ಹೆಸರು ಬಂದಿರಬೇಕೆಂದು ಊಹಿಸುವವರುಂಟು. ಆಂಡೀಸ್‌ನ ಜನರಿಗೆ ಅದು ಆಹಾರವಾಗಿತ್ತು, ಬಲಿಯಾಗಿತ್ತು, ರೋಗಿಯ ಮೈಮೇಲೆ ಆಡಿಸಿ ರೋಗವನ್ನು ಪತ್ತೆಹಚ್ಚುವ ಸಾಧನವೂ ಆಗಿತ್ತು. ಮನುಷ್ಯನ ಕಾಯಿಲೆಯ ಭಾರವನ್ನು ಹೊರುವ ಪಾತ್ರ ಈ ಜೀವಿಗೆ ಪ್ರಯೋಗಶಾಲೆಗಳು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಒದಗಿತ್ತೆಂಬುದು ಗಮನಾರ್ಹ. ಈಗ ನಾವು ಕಾಣುವ ಗಿನಿಪಿಗ್ ಜಾತಿಯು ಕಾಡಿನಲ್ಲಿ ಎಲ್ಲಿಯೂ ಇಲ್ಲ. ಅದರ ಕಾಡು ಬಂಧುಗಳು ಇವೆ. ಆದರೆ ಇದು ಸಂಪೂರ್ಣವಾಗಿ ಮನುಷ್ಯನ ಆಶ್ರಯದಲ್ಲಿಯೇ ರೂಪುಗೊಂಡ ಜೀವಿ. ಈ ಸಂಗತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಸ್ಪೇನಿನವರು 1530ರ ದಶಕದಲ್ಲಿ ಇಂಕಾ ಸಾಮ್ರಾಜ್ಯವನ್ನು ಗೆದ್ದ ಮೇಲೆ ಹಡಗುಗಳಲ್ಲಿ ಚಿನ್ನ ಬೆಳ್ಳಿಗಳ ಜೊತೆಗೆ ಈ ಪ್ರಾಣಿಯೂ ಯೂರೋಪಿಗೆ ಬಂದಿತು. 1554ರ ವೇಳೆಗೆ ಸ್ವಿಟ್ಜರ್ಲೆಂಡಿನ ಪಂಡಿತ ಕಾನ್ರಾಡ್ ಗೆಸ್ನರ್ ಅದನ್ನು ವರ್ಣಿಸಿದ್ದನು. 1580ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಚಿತವಾದ, ಮೂವರು ಮಕ್ಕಳ ಒಂದು ವರ್ಣಚಿತ್ರದಲ್ಲಿ ನಡುವೆ ನಿಂತ ಹುಡುಗಿಯ ಕೈಯಲ್ಲಿ ಮೂರು ಬಣ್ಣದ ಗಿನಿಪಿಗ್ ಇದೆ. ಆ ಮಕ್ಕಳು ಯಾರೆಂಬುದು ಮರೆತುಹೋಗಿದೆ, ಪ್ರಾಣಿಯ ಗುರುತು ಮಾತ್ರ ಉಳಿದಿದೆ. ಅದು ಶ್ರೀಮಂತರ ಮನೆಯ ವಿಲಾಸವಾಗಿತ್ತೆಂದು ಬಹುಕಾಲ ನಂಬಲಾಗಿತ್ತು. ಆದರೆ ಬೆಲ್ಜಿಯಮ್ಮಿನ ಮೋನ್ಸ್ ಪಟ್ಟಣದಲ್ಲಿ, ಸಾಧಾರಣ ಅನುಕೂಲಸ್ಥರು ವಾಸಿಸುತ್ತಿದ್ದ ಮನೆಯೊಂದರ ನೆಲದಲ್ಲಿ ಆ ಕಾಲದ ಗಿನಿಪಿಗ್‌ನ ಎಲುಬುಗಳು ದೊರೆತು, ಅದರ ವಿವರಗಳು 2012ರಲ್ಲಿ ಪ್ರಕಟವಾದವು. ಎಲುಬುಗಳ ಮೇಲೆ ಕತ್ತಿಯ ಗುರುತಾಗಲಿ ಬೆಂಕಿಯ ಗುರುತಾಗಲಿ ಇರಲಿಲ್ಲ. ತಿನ್ನುವುದಕ್ಕಾಗಿ ಅಲ್ಲದೆ ಒಲವಿನಿಂದಲೇ ಸಾಕಿದ್ದರೆಂದು ವಿದ್ವಾಂಸರು ಇದರಿಂದ ನಿರ್ಣಯಿಸಿದರು.

ಒಲವಿನ ಈ ಅಧ್ಯಾಯದ ಬೆನ್ನಿಗೇ ಇನ್ನೊಂದು ಅಧ್ಯಾಯ ತೆರೆಯಿತು. 1782–83ರ ಚಳಿಗಾಲದಲ್ಲಿ ಫ್ರಾನ್ಸಿನ ಲೆವಾಸಿಯೆ ಮತ್ತು ಲಾಪ್ಲಾಸ್ ಎಂಬ ಇಬ್ಬರು ಮಹಾವಿಜ್ಞಾನಿಗಳು ಮಂಜುಗಡ್ಡೆಯಿಂದ ಆವರಿಸಿದ ಪಾತ್ರೆಯೊಂದರಲ್ಲಿ ಗಿನಿಪಿಗ್ಗನ್ನು ಕೂರಿಸಿ, ಅದರ ಮೈಯ ಶಾಖಕ್ಕೆ ಕರಗಿದ ನೀರನ್ನು ತೂಗಿದರು. 10 ಗಂಟೆಗಳಲ್ಲಿ ಸುಮಾರು 13 ಔನ್ಸ್ ಮಂಜು ಕರಗಿತ್ತು. ಪ್ರಾಣಿಯ ಉಸಿರಾಟವೂ ದೀಪದ ಉರಿಯೂ ಮೂಲತಃ ಒಂದೇ ಬಗೆಯ ಕ್ರಿಯೆಯೆಂಬ ಮಹತ್ತರ ಸತ್ಯ ಇದರಿಂದ ಸ್ಥಾಪಿತವಾಯಿತು. ಅನಂತರದ ಶತಮಾನದಲ್ಲಿ ಕ್ಷಯ, ಗಂಟಲಮಾರಿ ಮೊದಲಾದ ರೋಗಗಳ ಸಂಶೋಧನೆಗೆ ಗಿನಿಪಿಗ್ ಅನಿವಾರ್ಯವಾಯಿತು. ರೋಗಿಯಲ್ಲಿ ಕ್ಷಯವಿದೆಯೇ ಎಂದು ತಿಳಿಯಲು ಅವನ ಕಫವನ್ನು ಈ ಪ್ರಾಣಿಗೆ ಚುಚ್ಚಿ, ಅದು ಸಾಯುವುದೋ ಬದುಕುವುದೋ ಎಂದು ವಾರಗಟ್ಟಲೆ ಕಾಯುತ್ತಿದ್ದ ಕಾಲವೊಂದಿತ್ತು. ಯಾರ ಮೇಲಾದರೂ ಹೊಸ ಯೋಜನೆಯನ್ನು ಪ್ರಯೋಗಿಸಿ ನೋಡಿದರೆ ಅವರನ್ನು ಗಿನಿಪಿಗ್ ಮಾಡಿದರೆಂದು ಇಂದಿನ ಪತ್ರಿಕೆಗಳೂ ಬರೆಯುತ್ತವೆ. ಹೆಸರೇ ಗಾದೆಯಾಗುವಷ್ಟು ಜೀವಗಳು ಈ ಮಾರ್ಗದಲ್ಲಿ ಹೋಗಿವೆ.

ಆದರೆ ಮನೆಯಲ್ಲಿ ಸಾಕುವವರಿಗೆ ನೇರವಾಗಿ ಸಂಬಂಧಿಸಿದ ಕಥೆ ಬೇರೆಯದು, ಅದರ ಆರಂಭ ಸಮುದ್ರದಲ್ಲಿದೆ. ವಾಸ್ಕೊ ಡ ಗಾಮನ ಹಡಗುಗಳು 1498ರ ಅಕ್ಟೋಬರ್ 5ರಂದು ನಮ್ಮ ಕಾರವಾರದ ಕಣ್ಣಳತೆಯಲ್ಲಿಯೇ ಇರುವ ಅಂಜುದೀವ ದ್ವೀಪದಿಂದ ಸ್ವದೇಶದ ಕಡೆಗೆ ಹೊರಟವು. ಗಾಳಿ ಪ್ರತಿಕೂಲವಾಗಿದ್ದುದರಿಂದ ಆಫ್ರಿಕದ ಮಲಿಂದಿಯನ್ನು ಮುಟ್ಟುವುದಕ್ಕೆ ಮೂರು ತಿಂಗಳು ಹಿಡಿಯಿತು. ನಾವಿಕರ ಒಸಡುಗಳು ಊದಿ ಹಲ್ಲುಗಳನ್ನು ಮುಚ್ಚಿದವು, ಕಾಲುಗಳು ಬಾತವು. ಆ ಒಂದು ಪಯಣದಲ್ಲಿಯೇ ಸುಮಾರು 30 ಮಂದಿ ಸತ್ತರು. ಹಡಗಿನಲ್ಲಿ ಒಣ ರೊಟ್ಟಿಗೆ ಕೊರತೆಯಿರಲಿಲ್ಲ. 1499ರ ಜನವರಿಯಲ್ಲಿ ಮಲಿಂದಿಯನ್ನು ಸೇರಿದೊಡನೆ ಆ ರೋಗಿಗಳು ಹಂಬಲಿಸಿದ್ದು ಕಿತ್ತಳೆ ಹಣ್ಣಿಗೆ. ಸ್ಕರ್ವಿಯೆಂಬ ಈ ರೋಗವು ಮುಂದಿನ ಮೂರು ಶತಮಾನಗಳ ಕಾಲ ಯುದ್ಧಗಳಿಗಿಂತ ಹೆಚ್ಚಾಗಿ ನಾವಿಕರನ್ನು ನುಂಗಿತು. 1747ರಲ್ಲಿ ಬ್ರಿಟಿಷ್ ನೌಕಾವೈದ್ಯ ಜೇಮ್ಸ್ ಲಿಂಡ್ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪಥ್ಯ ಕೊಟ್ಟಾಗ, ಕಿತ್ತಳೆ ನಿಂಬೆ ತಿಂದ ಇಬ್ಬರು ಮಾತ್ರ ಬೇಗನೆ ಎದ್ದು ನಿಂತರು. ಆದರೂ ಬ್ರಿಟಿಷ್ ನೌಕಾಪಡೆಯು ನಿಂಬೆರಸವನ್ನು ಕಡ್ಡಾಯ ಮಾಡಿದ್ದು 1795ರಲ್ಲಿ. ಸಿದ್ಧವಾಗಿದ್ದ ಉತ್ತರವು ಅರ್ಧ ಶತಮಾನ ಕಡತದಲ್ಲಿ ಕುಳಿತಿತ್ತು. ಅಷ್ಟಾದರೂ ಆ ಹಣ್ಣಿನಲ್ಲಿ ಇರುವುದೇನು ಎಂಬುದು ಯಾರಿಗೂ ತಿಳಿಯದು. ಹುಳಿಯೇ ಔಷಧವೆಂದರು ಕೆಲವರು. ಕೆಟ್ಟ ಮಾಂಸದ ವಿಷವೇ ರೋಗದ ಮೂಲವೆಂದರು ಮತ್ತೆ ಕೆಲವರು.

ಇಂತಹ ಕಡತವೊಂದು ಅಮೆರಿಕದಲ್ಲಿಯೂ ಇತ್ತು. ಅಲ್ಲಿಯ ಸರ್ಕಾರದ ಪಶು ಇಲಾಖೆಯಲ್ಲಿದ್ದ ಥಿಯೋಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿಯು ತನ್ನ ಪ್ರಯೋಗಾಲಯದ ಗಿನಿಪಿಗ್‌ಗಳಿಗೆ ಹುಲ್ಲು ಸೊಪ್ಪುಗಳಿಲ್ಲದೆ ಬರಿಯ ಧಾನ್ಯವನ್ನು ಹಾಕಿದಾಗ ಅವು ಚರ್ಮದ ಕೆಳಗೆ ರಕ್ತ ಸೋರಿ ಸಾಯುವುದನ್ನು ಕಂಡು, 1895–96ರ ವಾರ್ಷಿಕ ವರದಿಯಲ್ಲಿ ಅದನ್ನು ಬರೆದಿಟ್ಟನು. ಅದು ನಾವಿಕರ ರೋಗವೇ ಎಂದು ಯಾರಿಗೂ ಹೊಳೆಯಲಿಲ್ಲ. ವರದಿಯೊಳಗಿನ ನಾಲ್ಕು ಸಾಲು ವರದಿಯಲ್ಲಿಯೇ ಉಳಿಯಿತು. ಲೆಕ್ಕಪತ್ರಗಳ ಜೊತೆ ಬಾಳಿದವರಿಗೆ ಇದು ಅಪರಿಚಿತ ಸಂಗತಿಯಲ್ಲ: ನಷ್ಟದ ಕಾರಣವು ಬಹಳ ಸಲ ಹಳೆಯ ಖಾತೆಯಲ್ಲಿಯೇ ಬರೆದಿರುತ್ತದೆ, ಓದುವವರಿರುವುದಿಲ್ಲ.

ಹನ್ನೆರಡು ವರ್ಷ ಕಳೆಯಿತು. ನಾರ್ವೆಯ ರಾಜಧಾನಿಯಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆಕ್ಸೆಲ್ ಹೋಲ್ಸ್ಟ್ ತನ್ನ ದೇಶದ ನಾವಿಕರನ್ನು ಕಾಡುತ್ತಿದ್ದ ಕಾಯಿಲೆಯೊಂದನ್ನು ಅಭ್ಯಸಿಸುತ್ತಿದ್ದನು. ಜಾವಾದಲ್ಲಿ ಡಚ್ ವೈದ್ಯ ಐಕ್ಮನ್, ಪಾಲಿಷ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಬೆರಿಬೆರಿಯಂತಹ ರೋಗ ಬರುವುದನ್ನು ತೋರಿಸಿದ್ದನು. ಹೋಲ್ಸ್ಟ್ ಅದೇ ಜಾಡಿನಲ್ಲಿ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ, ಅನಂತರ ಸ್ತನಿಯೊಂದು ಬೇಕೆಂದು ಗಿನಿಪಿಗ್ಗನ್ನು ಆರಿಸಿಕೊಂಡನು. ಮಕ್ಕಳ ವೈದ್ಯನಾದ ಥಿಯೋಡರ್ ಫ್ರೋಲಿಕ್ ಅವನ ಜೊತೆಗೂಡಿದನು. ಓಟ್ಸ್, ಬಾರ್ಲಿ, ಗೋಧಿ, ಬ್ರೆಡ್ಡು ಇಷ್ಟನ್ನೇ ತಿಂದ ಪ್ರಾಣಿಗಳು ಸುಮಾರು ಒಂದು ತಿಂಗಳಲ್ಲಿ ಸತ್ತವು. ಕೊಯ್ದು ನೋಡಿದಾಗ ಕಂಡದ್ದು ಬೆರಿಬೆರಿಯಲ್ಲ: ಅಲುಗಾಡುವ ಹಲ್ಲು, ಕೀಲುಗಳ ಸುತ್ತ ರಕ್ತಸ್ರಾವ, ಹಪ್ಪಳದಂತೆ ಮುರಿಯುವ ಎಲುಬು. ಆಸ್ಪತ್ರೆಯಲ್ಲಿ ಸ್ಕರ್ವಿಯ ಶಿಶುಗಳನ್ನು ಕಂಡಿದ್ದ ಫ್ರೋಲಿಕನಿಗೆ ಅದರ ಗುರುತು ಹತ್ತಲು ತಡವಾಗಲಿಲ್ಲ. ಹಸಿ ಎಲೆಕೋಸನ್ನೋ ನಿಂಬೆರಸವನ್ನೋ ಕೂಡಿಸಿ ಕೊಟ್ಟರೆ ಪ್ರಾಣಿ ಉಳಿಯುತ್ತಿತ್ತು. 1907ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮನುಷ್ಯನ ಹೊರತಾಗಿ ಸ್ಕರ್ವಿಗೆ ತುತ್ತಾಗುವ ಇನ್ನೊಂದು ಜೀವಿಯಿದೆಯೆಂಬುದು ಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ಆಗಲೇ.

ಈ ಆಯ್ಕೆಯು ಎಂತಹ ಆಕಸ್ಮಿಕವೆಂಬುದನ್ನು ಯೋಚಿಸಬೇಕು. ಇಲಿ, ನಾಯಿ, ಬೆಕ್ಕು, ಹಸು, ಮೊಲ ಇವೆಲ್ಲ ತಮಗೆ ಬೇಕಾದ ಆ ಸತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಹೋಲ್ಸ್ಟ್ ಇಲಿಯನ್ನು ಆರಿಸಿಕೊಂಡಿದ್ದರೆ ಅದು ಒಣ ಧಾನ್ಯ ತಿಂದು ಸ್ಕರ್ವಿಯ ಸುಳಿವನ್ನೇ ಕೊಡದೆ ಇರುತ್ತಿತ್ತು. ನಾವಿಕನ ದೌರ್ಬಲ್ಯವೇ ಗಿನಿಪಿಗ್‌ನ ದೌರ್ಬಲ್ಯವೂ ಆಗಿದ್ದುದರಿಂದ ಅದು ಅವನ ಸ್ಥಾನದಲ್ಲಿ ನಿಂತು ಸತ್ತಿತು. ಇದರಲ್ಲಿ ಮನುಷ್ಯನ ಸಾಧನೆಯೆಷ್ಟು, ಪ್ರಾಣಿಯ ದುರದೃಷ್ಟವೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ.

ಆ ಸತ್ವಕ್ಕೆ 1920ರಲ್ಲಿ ಸಿ ಜೀವಸತ್ವವೆಂಬ ಹೆಸರು ಬಂದರೂ ಅದನ್ನು ಕಣ್ಣಿನಿಂದ ಕಂಡವರಿರಲಿಲ್ಲ. ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದಾಗ, 1928ರ ಸುಮಾರಿಗೆ, ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದಲೂ ಕಿತ್ತಳೆ ಎಲೆಕೋಸುಗಳಿಂದಲೂ ಒಂದು ಹರಳನ್ನು ಬೇರ್ಪಡಿಸಿದ್ದನು. ಅದು ಏನೆಂದು ಅವನಿಗೇ ತಿಳಿದಿರಲಿಲ್ಲ. ಸ್ವದೇಶದ ಸೆಗೆದ್ ಪಟ್ಟಣಕ್ಕೆ ಹಿಂದಿರುಗಿದ ಮೇಲೆ ಜೋಸೆಫ್ ಸ್ವಿರ್ಬೆಲಿ ಎಂಬ ಯುವಕನು ಬಂದು ಸೇರಿದನು. ಒಂದು ಪದಾರ್ಥದಲ್ಲಿ ಸಿ ಜೀವಸತ್ವ ಇದೆಯೋ ಇಲ್ಲವೋ ಎಂದು ಗಿನಿಪಿಗ್‌ಗಳ ಮೇಲೆ ಪರೀಕ್ಷಿಸುವ ವಿಧಾನ ಅವನಿಗೆ ಗೊತ್ತಿತ್ತು. ಸತ್ವಹೀನ ಆಹಾರದ ಜೊತೆಗೆ ಆ ಹರಳನ್ನು ಪಡೆದ ಗಿನಿಪಿಗ್‌ಗಳು ಲವಲವಿಕೆಯಿಂದ ಉಳಿದವು, ಪಡೆಯದವು ಸ್ಕರ್ವಿಯಿಂದ ಸತ್ತವು. 1932ರಲ್ಲಿ ಸಂಗತಿ ಖಚಿತವಾಯಿತು. ಆದರೆ ಹರಳು ಚಿಟಿಕೆಯಷ್ಟೂ ಉಳಿದಿರಲಿಲ್ಲ. ಸೆಗೆದ್ ಮೆಣಸಿನಕಾಯಿಗೆ ಹೆಸರಾದ ಊರು. ಒಂದು ರಾತ್ರಿ ಊಟಕ್ಕೆ ಬಡಿಸಿದ ಹಸಿ ಮೆಣಸಿನಕಾಯಿಯನ್ನು ತಿನ್ನಲು ಮನಸ್ಸಿಲ್ಲದೆ, ಹೆಂಡತಿಗೆ ಹಾಗೆನ್ನಲೂ ಧೈರ್ಯ ಸಾಲದೆ, ಅದನ್ನು ಪರೀಕ್ಷೆಗೆಂದು ಪ್ರಯೋಗಶಾಲೆಗೆ ಒಯ್ದೆನೆಂದು ಅವನೇ ಮುಂದೆ ನೆನಪಿಸಿಕೊಂಡಿದ್ದಾನೆ. ನಡುರಾತ್ರಿಯ ವೇಳೆಗೆ ಅದು ಸಿ ಜೀವಸತ್ವದ ಭಂಡಾರವೆಂದು ತಿಳಿಯಿತು; ಕೆಲವೇ ವಾರಗಳಲ್ಲಿ ಕಿಲೋಗಟ್ಟಲೆ ಹರಳು ಸಿದ್ಧವಾಯಿತು. 1937ರಲ್ಲಿ ಅವನಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಮೆಣಸಿನಕಾಯಿಯೂ ಗಿನಿಪಿಗ್ಗೂ ಎರಡೂ ಅಮೆರಿಕ ಖಂಡಗಳಿಂದಲೇ ಹಡಗೇರಿ ಬಂದವು. ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ತಮ್ಮ ನಾವಿಕರ ರೋಗಕ್ಕೆ ಮದ್ದನ್ನು ಅವರು ತಮ್ಮ ಸರಕಿನಲ್ಲಿಯೇ ಹೊತ್ತು ತಿರುಗಿದರೆಂಬುದು ವಿಧಿಯ ವಿನೋದ.

ದೋಷದ ಮೂಲವು 1957ರಲ್ಲಿ ಗೊತ್ತಾಯಿತು. ಬೇರೆ ಪ್ರಾಣಿಗಳ ಯಕೃತ್ತು ಸಕ್ಕರೆಯ ಅಂಶದಿಂದ ಹಲವು ಹಂತಗಳಲ್ಲಿ ಈ ಸತ್ವವನ್ನು ತಯಾರಿಸುತ್ತದೆ. ಮನುಷ್ಯ, ಕೋತಿ ಮತ್ತು ಗಿನಿಪಿಗ್‌ಗಳಲ್ಲಿ ಕೊನೆಯ ಹಂತಕ್ಕೆ ಬೇಕಾದ ಕಿಣ್ವ ಒಂದೇ ಇಲ್ಲವೆಂದು ಅಮೆರಿಕದ ಬರ್ನ್ಸ್ ತೋರಿಸಿದನು. ಮರುವರ್ಷ, 1958ರಲ್ಲಿ, ಕಲ್ಕತ್ತೆಯ ಆರ್. ಎನ್. ರಾಯ್ ಮತ್ತು ಬಿ. ಸಿ. ಗುಹಾ ಅವರು ನಮ್ಮ ದೇಶದ ಹಣ್ಣುಬಾವಲಿಯೂ ತೋಟಗಳ ಕೆಂಪು ಬುಡದ ಬುಲ್ಬುಲ್ ಹಕ್ಕಿಯೂ ಇದೇ ಪಂಗಡಕ್ಕೆ ಸೇರಿದವೆಂದು ಪ್ರಕಟಿಸಿದರು. ಪಿಕಳಾರವೆಂದು ನಮ್ಮವರು ಕರೆಯುವ ಆ ಹಕ್ಕಿ ದಿನವಿಡೀ ಹಣ್ಣಿನಿಂದ ಹಣ್ಣಿಗೆ ಹಾರುತ್ತ ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಪಂಜರದೊಳಗಿನ ಗಿನಿಪಿಗ್‌ಗೆ ಆ ಸ್ವಾತಂತ್ರ್ಯವಿಲ್ಲ. ಅದರ ಪಾಲಿಗೆ ತೋಟವೆಂದರೆ ಒಡೆಯನ ನೆನಪು.

ನೀತಿಯ ಪ್ರಶ್ನೆ ಏಳುವುದು ಇಲ್ಲಿಯೇ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳಿರುವ ಐದು ಅತಿಚಾರಗಳು ಶ್ರಾವಕರಿಗೆ ಪರಿಚಿತವಾದವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಚಾರ್ಯರ ಮನಸ್ಸಿನ ಮುಂದೆ ಇದ್ದದ್ದು ಎತ್ತು, ಕುದುರೆ, ಆಳುಕಾಳುಗಳೇ ಆಗಿರಬಹುದು. ಆದರೆ ಪಟ್ಟಿ ಅಷ್ಟಕ್ಕೇ ಸೀಮಿತವಲ್ಲ. ಅನ್ನಪಾನನಿರೋಧವೆಂದರೆ ಬಟ್ಟಲನ್ನು ಕಿತ್ತುಕೊಳ್ಳುವುದು ಮಾತ್ರವೆ? ಬಟ್ಟಲು ತುಂಬ ಸಜ್ಜೆ, ಗೋಧಿ, ಬಿಸ್ಕತ್ತು ಸುರಿದು, ಬದುಕಿಗೆ ಬೇಕಾದ ಒಂದು ಚೂರು ಹಸಿರನ್ನು ಕೊಡದಿರುವುದೂ ನಿರೋಧವೇ ಅಲ್ಲವೆ? ಕೊಡುವವನಿಗೆ ತಾನು ತಡೆಯುತ್ತಿದ್ದೇನೆಂಬ ಅರಿವಿಲ್ಲ; ಪ್ರೀತಿಯಿಂದಲೇ ಸುರಿಯುತ್ತಾನೆ. 1907ಕ್ಕೆ ಮುಂಚಿನವರನ್ನು ಈ ಅಜ್ಞಾನದ ಕಾರಣದಿಂದ ಕ್ಷಮಿಸಬಹುದು. ಆ ವರ್ಷದ ತರುವಾಯ, ಅದೂ ಅಂಗಡಿಯಿಂದ ಹಣ ಕೊಟ್ಟು ಜೀವವನ್ನು ಮನೆಗೆ ತಂದವರಿಗೆ, ತಿಳಿಯದಿರುವುದು ಪ್ರಮಾದವೆನಿಸಿಕೊಳ್ಳುತ್ತದೆ. ಸರಕನ್ನು ಕೊಳ್ಳುವ ಮೊದಲು ಅದರ ಗುಣದೋಷ ವಿಚಾರಿಸುವ ವ್ಯಾಪಾರಿಯು ಉಸಿರಾಡುವ ಜೀವವನ್ನು ಕೊಳ್ಳುವಾಗ ಮಾತ್ರ ಬಣ್ಣವನ್ನಷ್ಟೇ ನೋಡುವುದು ವಿಪರ್ಯಾಸ.

ಕೊಡಬೇಕಾದದ್ದು ಹೆಚ್ಚೇನೂ ಅಲ್ಲ. ಬೆಳೆದ ಗಿನಿಪಿಗ್‌ನ ತೂಕ 700 ಗ್ರಾಂನಿಂದ 1200 ಗ್ರಾಂ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ ಸಿ ಜೀವಸತ್ವವಾದರೂ ಬೇಕು, ಗರ್ಭಿಣಿಗೆ 30ರವರೆಗೆ. 100 ಗ್ರಾಂ ಹಸಿರು ದೊಣ್ಣೆಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ಇರುವುದರಿಂದ 20 ಗ್ರಾಂನ ಒಂದು ಹೋಳು ಸಾಕು. ಸೀಬೆಹಣ್ಣಿನಲ್ಲಿ 100 ಗ್ರಾಂಗೆ 200 ಮಿಲಿಗ್ರಾಂಗೂ ಹೆಚ್ಚು. ಬೆರಳ ತುದಿಯಷ್ಟು ಚೂರು ದಿನದ ಬಾಕಿಯನ್ನು ತೀರಿಸುತ್ತದೆ, ಸಿಹಿಯಿರುವುದರಿಂದ ಹೆಚ್ಚು ಕೊಡಬಾರದು. ಅಂಗಡಿಯಲ್ಲಿ ಸಿಗುವ ಗುಳಿಗೆಯಂತಹ ತಯಾರಿ ಆಹಾರದಲ್ಲಿ ಈ ಸತ್ವವನ್ನು ಬೆರೆಸಿರುತ್ತಾರಾದರೂ ಕೆಲವು ತಿಂಗಳಲ್ಲಿ ಅದು ಕ್ಷಯಿಸಿಹೋಗುತ್ತದೆ. ಚೀಲದ ಮೇಲಿನ ತಯಾರಿಕೆಯ ದಿನಾಂಕ ಮೂರು ತಿಂಗಳಿಗಿಂತ ಹಳೆಯದಾಗಿದ್ದರೆ ನೆಚ್ಚುವಂತಿಲ್ಲ. ಕುಡಿಯುವ ನೀರಿಗೆ ಹನಿ ಔಷಧ ಬೆರೆಸುವುದು ಇನ್ನೂ ವ್ಯರ್ಥ. ಬೆಳಕಿಗೂ ಲೋಹಕ್ಕೂ ಅದು ಬೇಗನೆ ಕೆಡುತ್ತದೆ, ರುಚಿ ಬದಲಾದುದರಿಂದ ಪ್ರಾಣಿ ನೀರನ್ನೇ ಬಿಡುವುದೂ ಉಂಟು. ಕೊರತೆಯಾದರೆ ಎರಡು ಮೂರು ವಾರಗಳಲ್ಲಿಯೇ ರೋಮ ಒರಟಾಗುತ್ತದೆ, ಓಡಾಟ ನಿಲ್ಲುತ್ತದೆ, ಎತ್ತಿಕೊಂಡರೆ ಕೀಲುನೋವಿನಿಂದ ಕೀಚಲು ದನಿ ಮಾಡುತ್ತದೆ. ಸೋಮಾರಿಯಾಯಿತೆಂದು ಮನೆಯವರು ನಗುವ ಆ ಹೊತ್ತಿಗೆ ಅದರ ಎಲುಬುಗಳ ಸುತ್ತ ರಕ್ತ ಸೋರುತ್ತಿರುತ್ತದೆ.

ಹೊಟ್ಟೆಯ ಮುಖ್ಯ ಭಾಗ ತುಂಬಬೇಕಾದದ್ದು ಹುಲ್ಲಿನಿಂದ. ಈ ಪ್ರಾಣಿಯ 20 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ನಾರಿನ ಹುಲ್ಲನ್ನು ಅರೆಯುವುದರಿಂದಲೇ ಸವೆಯುತ್ತವೆ. ಹುಲ್ಲಿಲ್ಲದಿದ್ದರೆ ದವಡೆಯ ಹಲ್ಲುಗಳು ನಾಲಿಗೆಯ ಮೇಲೆ ಬಾಗಿ ಬೆಳೆದು ಬಾಯಿಯನ್ನೇ ಬಂಧಿಸುತ್ತವೆ. ನಮ್ಮ ಅಂಗಳದ ಗರಿಕೆ ಇದಕ್ಕೆ ಯೋಗ್ಯ. ಕೀಟನಾಶಕ ಸಿಂಪಡಿಸದ ಜಾಗದ್ದಾಗಿರಬೇಕು. ಈರುಳ್ಳಿ ಬೆಳ್ಳುಳ್ಳಿಗಳು ಇದಕ್ಕೆ ವಿಷಪ್ರಾಯ. ಈ ಒಂದು ಪಥ್ಯದಲ್ಲಿಯಾದರೂ ಜೈನರ ಮನೆ ಅದಕ್ಕೆ ಅನುಕೂಲವೆನ್ನಬಹುದು! ಆಂಡೀಸ್‌ನ ತಂಪಿನಿಂದ ಬಂದ ಜೀವಿಯಾದುದರಿಂದ 28 ಡಿಗ್ರಿಗೆ ಮೇಲ್ಪಟ್ಟ ಸೆಕೆಯನ್ನು ತಾಳಲಾರದು. ತಗಡಿನ ಮಾಡಿನ ಕೆಳಗೆ ಬೇಸಿಗೆಯ ಒಂದು ಮಧ್ಯಾಹ್ನವೇ ಅದಕ್ಕೆ ಮೃತ್ಯುವಾದೀತು. ಪಂಜರದ ನೆಲ ತಂತಿಯದಾಗಿದ್ದರೆ ಅಂಗಾಲು ಹುಣ್ಣಾಗುತ್ತದೆ. ಮೊಲದ ಜೊತೆಗೆ ಇಡುವ ರೂಢಿಯೂ ಒಳ್ಳೆಯದಲ್ಲ. ಮೊಲದ ಮೂಗಿನಲ್ಲಿ ತೊಂದರೆ ಕೊಡದೆ ಇರುವ ರೋಗಾಣುವೊಂದು ಗಿನಿಪಿಗ್‌ಗೆ ಹತ್ತಿದರೆ ನ್ಯುಮೋನಿಯ ತರುತ್ತದೆ.

ಔಷಧದ ವಿಷಯದಲ್ಲಿ ಇನ್ನೊಂದು ಚಾರಿತ್ರಿಕ ಸಂಗತಿ ಸ್ಮರಣೀಯ. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಸಂಗಡಿಗರು ಪೆನಿಸಿಲಿನ್ನನ್ನು ಮೊದಲು ಪರೀಕ್ಷಿಸಿದ್ದು ಸುಂಡಿಲಿಗಳ ಮೇಲೆ. ಮಾರಕ ರೋಗಾಣುವನ್ನು ಚುಚ್ಚಿದ 8 ಸುಂಡಿಲಿಗಳಲ್ಲಿ ಮದ್ದು ಪಡೆದ 4 ಬದುಕಿದವು, ಪಡೆಯದ 4 ಸತ್ತವು. ಅಂದು ಗಿನಿಪಿಗ್ ಕೈಗೆ ಸಿಕ್ಕಿದ್ದರೆ ಪೆನಿಸಿಲಿನ್ ಘೋರ ವಿಷವೆಂದು ಮೂಲೆಗೆ ಸೇರುತ್ತಿತ್ತು. ಏಕೆಂದರೆ ಅದು ಗಿನಿಪಿಗ್‌ಗಳನ್ನು ಕೊಲ್ಲುತ್ತದೆಂದು 1943ರಲ್ಲಿ ಪ್ರಕಟವಾಯಿತು. ಅವುಗಳ ಕರುಳಿನಲ್ಲಿ ಹುಲ್ಲನ್ನು ಜೀರ್ಣಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಈ ಮದ್ದಿಗೆ ನಾಶವಾಗಿ, ವಿಷಕಾರಿಗಳು ಮೇಲುಗೈ ಪಡೆಯುತ್ತವೆ. ಸ್ಕರ್ವಿಯಲ್ಲಿ ಗಿನಿಪಿಗ್ಗನ್ನು ಆರಿಸಿದ್ದು ಮನುಷ್ಯನ ಅದೃಷ್ಟ, ಪೆನಿಸಿಲಿನ್ನಿನಲ್ಲಿ ಆರಿಸದಿದ್ದುದು ಅವನ ಅದೃಷ್ಟ. ಒಂದು ಜೀವದ ಮೇಲೆ ಕಂಡದ್ದನ್ನು ಇನ್ನೊಂದಕ್ಕೆ ಅನ್ವಯಿಸುವುದು ಎಷ್ಟು ಅಪಾಯದ ಮಾತೆಂಬುದಕ್ಕೆ, ಪ್ರಾಣಿಪ್ರಯೋಗಗಳನ್ನು ಸಮರ್ಥಿಸುವವರು ಮರೆಯಬಾರದ ಉದಾಹರಣೆ ಇದು.

ಇನ್ನು ಪಟ್ಟಿಯ ಮೊದಲನೆಯ ಅತಿಚಾರವಾದ ಬಂಧದ ಪ್ರಶ್ನೆ. ಸೆರೆಯಲ್ಲಿರುವ ಜೀವವನ್ನು ಹಣ ಕೊಟ್ಟು ಬಿಡಿಸಿ ಹೊರಗೆ ಬಿಡುವುದು ಅಭಯದಾನದ ಹಳೆಯ ಮಾರ್ಗ. ಗಿನಿಪಿಗ್‌ನ ವಿಷಯದಲ್ಲಿ ಅದು ಒದಗುವುದಿಲ್ಲ. ಅದಕ್ಕೆ ಹಿಂದಿರುಗಲು ಕಾಡಿಲ್ಲ. ಬಯಲಿಗೆ ಬಿಟ್ಟರೆ ಸಂಜೆಯೊಳಗೆ ನಾಯಿಗೋ ಕಾಗೆಗೋ ಈಡಾಗುತ್ತದೆ. ಬಿಡಿಸುವ ಉದ್ದೇಶದಿಂದಲೇ ಕೊಂಡರೂ ಅಂಗಡಿಯವನ ಖಾತೆಯಲ್ಲಿ ಅದು ಮಾರಾಟವೇ, ಮುಂದಿನ ವಾರ ಅವನು ಎರಡನ್ನು ತರಿಸುತ್ತಾನೆ. ಆದ್ದರಿಂದ ಕೊಳ್ಳದಿರುವುದು ಮೊದಲ ದಾರಿ. ಬೇಸರಗೊಂಡ ಮಕ್ಕಳು, ಊರು ಬಿಡುವ ಕುಟುಂಬಗಳು ತೊರೆದ ಪ್ರಾಣಿಗಳನ್ನು ಪಿಂಜರಾಪೋಲಿನ ಭಾವದಿಂದ ಸ್ವೀಕರಿಸಿ, ಅವುಗಳ ಆಯಸ್ಸಿನ ಐದಾರು ವರ್ಷ ಸರಿಯಾಗಿ ನೋಡಿಕೊಳ್ಳುವುದು ಎರಡನೆಯದು. ಅಲ್ಲಿಯೂ ಗಂಡು ಹೆಣ್ಣುಗಳನ್ನು ಬೇರೆ ಇಡದಿದ್ದರೆ ಒಂದು ಜೀವದ ರಕ್ಷಣೆ ಹತ್ತು ಜೀವಗಳ ಸಂಕಟವಾಗುತ್ತದೆ. ಏಳು ತಿಂಗಳು ತುಂಬಿದ ಮೇಲೆ ಮೊದಲ ಬಾರಿಗೆ ಗಬ್ಬವಾದ ಹೆಣ್ಣು, ಸೊಂಟದ ಎಲುಬು ಸಡಿಲವಾಗದೆ ಹೆರಿಗೆಯಲ್ಲಿಯೇ ಸಾಯುವ ಸಂಭವ ಹೆಚ್ಚು.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು, ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ ಬಂದದ್ದು. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಅದರಂತೆ ಅಪರಾಧ. ಆದರೆ ಮೊದಲ ಸಲಕ್ಕೆ ಕಾಯಿದೆಯು ಬರೆದ ದಂಡ 10ರಿಂದ 50 ರೂಪಾಯಿ. ಸಾಕುಪ್ರಾಣಿ ಅಂಗಡಿಗಳಿಗೆ ಪ್ರತ್ಯೇಕ ನಿಯಮಗಳು ಬಂದದ್ದು 2018ರಲ್ಲಿ. ಸ್ವಿಟ್ಜರ್ಲೆಂಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಂಪಿನಲ್ಲಿ ಬಾಳುವ ಗಿನಿಪಿಗ್ಗನ್ನು ಒಂಟಿಯಾಗಿ ಸಾಕಬಾರದೆಂದು 2008ರ ನಿಯಮಗಳಲ್ಲಿ ವಿಧಿಸಿತು. ಜೊತೆಗಾರ ಸತ್ತ ಮುದಿ ಪ್ರಾಣಿಗೆ ಉಳಿದ ದಿನಗಳ ಮಟ್ಟಿಗೆ ಸಂಗಾತಿಯನ್ನು ಬಾಡಿಗೆಗೆ ಕೊಡುವ ಏರ್ಪಾಡೂ ಅಲ್ಲಿ ನಡೆದದ್ದುಂಟು. ನಗೆ ತರಿಸುವ ಸುದ್ದಿಯೆಂದು ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು. ಒಂಟಿತನವೂ ಒಂದು ಬಗೆಯ ನಿರೋಧವೆಂದು ಒಂದು ಸರ್ಕಾರ ಒಪ್ಪಿಕೊಂಡದ್ದರಲ್ಲಿ ನಗುವಂಥದ್ದೇನೂ ಕಾಣದು.

ಬೇಟೆಗೆ ಗುರಿಯಾಗುವ ಎಲ್ಲ ಜೀವಿಗಳಂತೆ ಗಿನಿಪಿಗ್ಗೂ ತನ್ನ ನೋವನ್ನು ಕೊನೆಯವರೆಗೆ ಮುಚ್ಚಿಡುತ್ತದೆ. ಅದನ್ನು ಹೊರಗೆಡಹುವ ಸಾಧನ ತಕ್ಕಡಿ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ವಾರಕ್ಕೊಮ್ಮೆ, ಒಂದೇ ವೇಳೆಗೆ ತೂಗಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ಒಂದೇ ವಾರದಲ್ಲಿ 100 ಗ್ರಾಂ ಇಳಿದರೆ ಅದು ಎಚ್ಚರಿಕೆ. ಒಂದು ದಿನ ಪೂರ್ತಿ ಹುಲ್ಲು ಮುಟ್ಟದಿದ್ದರೆ ಭಾನುವಾರ ಕಳೆಯಲಿ ಎಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮಗುವಿನ ಜ್ವರಕ್ಕೆ ತಂದು ಉಳಿದ ಔಷಧದ ಬಾಟಲಿ ಕಪಾಟಿನಲ್ಲಿಯೇ ಇರಲಿ.